ಚೀನೀ ಆರ್ಥಿಕ ವರದಿ ಇಂಗ್ಲಿಷಿಗೆ: ಕೆಲಸದ ಲಾಗ್

ಚೀನಾದ ರಾಷ್ಟ್ರೀಯ ಅಂಕಿಅಂಶ ಬ್ಯೂರೊದ ಮಾಸಿಕ ಹೇಳಿಕೆಗಳು, ಅಲ್ಲಿನ ಕೇಂದ್ರ ಬ್ಯಾಂಕಿನ ಪ್ರಕಟಣೆಗಳು, ಕಮ್ಯುನಿಸ್ಟ್ ಪಕ್ಷದ ಆರ್ಥಿಕ ಸಭೆಗಳ ವರದಿಗಳು. ಇವನ್ನು ಓದಿ ಎರಡು ಪುಟದ ಇಂಗ್ಲಿಷ್ ಟಿಪ್ಪಣಿ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಓದಿದ್ದು ಬಿ.ಕಾಂ. ಚೀನೀ ಭಾಷೆ ಸಂಜೆ ತರಗತಿಯಲ್ಲಿ ಕಲಿತದ್ದು, ಹಳೇ ಪದ್ಧತಿಯ ಎಚ್‌ಎಸ್‌ಕೆ (ಚೀನೀ ಭಾಷಾ ಪರೀಕ್ಷೆ) 4ನೇ ಹಂತದವರೆಗೆ. ಅಂದರೆ 1,200 ಪದ. ಊಟ, ರೈಲು, ಹವಾಮಾನ ಮಾತಾಡಲು ಸಾಕು. ಹಣದುಬ್ಬರಕ್ಕೆ ಸಾಲದು.

ಬ್ಯೂರೊದ ಮುಖ್ಯ ಹೇಳಿಕೆಗಳಿಗೆ ಅವರದೇ ಇಂಗ್ಲಿಷ್ ರೂಪ ಇರುತ್ತದೆ. ಪತ್ರಿಕಾಗೋಷ್ಠಿಯ ಪ್ರಶ್ನೋತ್ತರ, ಪ್ರಾಂತಗಳ ವರದಿ, ಸಣ್ಣಪುಟ್ಟ ಸುತ್ತೋಲೆಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಯೋಜನೆ ಸರಳ: ಎರಡೂ ಭಾಷೆಯಲ್ಲಿ ಇರುವುದರಿಂದ ಕಲಿಯುವುದು, ಇಲ್ಲದ್ದಕ್ಕೆ ಅದನ್ನು ಹಾಕುವುದು. ಕೆಳಗಿರುವುದು ಆ ವ್ಯವಸ್ಥೆ ಕಟ್ಟಿದ ಲಾಗ್. ಚೀನೀ ಪದಗಳನ್ನು ಕಿವಿಗೆ ಕೇಳುವ ಹಾಗೆ ಬರೆದಿದ್ದೇನೆ, ಸ್ವರಭೇದ ಬಿಟ್ಟುಬಿಟ್ಟಿದ್ದೇನೆ.

ಹಂತ 1: ಸಾಮಾನು

ಲ್ಯಾಪ್‌ಟಾಪ್ ಇತ್ತು. ಪಕ್ಕಕ್ಕೆ ಸೆಕೆಂಡ್ ಹ್ಯಾಂಡ್ ಮಾನಿಟರ್ ಒಂದು, 3,800 ರೂಪಾಯಿ. ಖರ್ಚು ಅಂತ ಆಗಿದ್ದು ಇದೊಂದೇ. ಎಡಕ್ಕೆ ಚೀನೀ, ಬಲಕ್ಕೆ ಇಂಗ್ಲಿಷ್ ಇಟ್ಟುಕೊಳ್ಳದೆ ಈ ಕೆಲಸ ಮಾಡಲು ಹೋಗಬೇಡಿ, ಕುತ್ತಿಗೆ ನೋವು ಗ್ಯಾರಂಟಿ.

ಉಳಿದದ್ದೆಲ್ಲ ಪುಕ್ಕಟೆ. ಫೋನಿನಲ್ಲಿ ಪ್ಲೆಕೊ ನಿಘಂಟು (ಮೂಲ ಆವೃತ್ತಿಗೆ ದುಡ್ಡಿಲ್ಲ), ಲೆಕ್ಕಕ್ಕೆ ಲಿಬ್ರೆ ಆಫೀಸಿನ ಕ್ಯಾಲ್ಕ್, ಅನುವಾದಕ್ಕೆ ಒಮೇಗಾಟಿ. ಒಮೇಗಾಟಿ ವಾಕ್ಯ ವಾಕ್ಯವಾಗಿ ತುಂಡು ಮಾಡಿ ತೋರಿಸುತ್ತದೆ, ಹಿಂದೆ ಅದೇ ವಾಕ್ಯ ಮಾಡಿದ್ದರೆ ನೆನಪಿಸುತ್ತದೆ. ಮಾಸಿಕ ಹೇಳಿಕೆಗಳಲ್ಲಿ ಅರ್ಧಕ್ಕರ್ಧ ವಾಕ್ಯ ಅವೇ ಇರುತ್ತವೆ, ಅಂಕಿ ಮಾತ್ರ ಬೇರೆ. ಅಂಥ ಕಡೆ ಇದು ನಿಜಕ್ಕೂ ಕೈಹಿಡಿಯುತ್ತದೆ.

ಶುರುವಿನಲ್ಲೇ ಎರಡು ಅಡ್ಡಿ. ಒಂದು, ಹಳೇ ಚೀನೀ ಪಠ್ಯ ಕಡತ ತೆರೆದರೆ ಪೂರಾ ಅರ್ಥವಿಲ್ಲದ ಕಲಸು ಅಕ್ಷರ. ಕಡತ ಯುನಿಕೋಡ್‌ನಲ್ಲಿ ಇರಲಿಲ್ಲ, ಚೀನಾದ ಸ್ವಂತ ಸಂಕೇತ ಪದ್ಧತಿಯಲ್ಲಿತ್ತು. ಅದರ 1980ರ ಮೊದಲ ರೂಪ ಜಿಬಿ2312, ಅದರಲ್ಲಿ 6,763 ಚೀನೀ ಅಕ್ಷರ. ಆಮೇಲೆ ಜಿಬಿಕೆ ಮತ್ತು ಜಿಬಿ18030 ಬಂದವು. ತೆರೆಯುವಾಗ ಜಿಬಿ18030 ಅಂತ ಆರಿಸಿದರೆ ಹಳೆಯವೂ ಓದಿಸಿಕೊಳ್ಳುತ್ತವೆ. ತೆರೆದ ತಕ್ಷಣ ಯುಟಿಎಫ್-8 (ಯುನಿಕೋಡ್) ಆಗಿ ಉಳಿಸಿ, ಹಳೆಯದನ್ನು ಮುಚ್ಚಿ.

ಎರಡು, ಅಂಕಿಗಳು. ಕೆಲವು ಕಡತಗಳಲ್ಲಿ 5 ಅನ್ನುವುದು ಚೀನೀ ಅಕ್ಷರದಷ್ಟೇ ಅಗಲ ಇರುತ್ತದೆ. ಕಣ್ಣಿಗೆ ಸಂಖ್ಯೆ, ಕ್ಯಾಲ್ಕ್‌ಗೆ ಬರೀ ಅಕ್ಷರ. ಕೂಡಿಸು ಅಂದರೆ ಸೊನ್ನೆ ಕೊಟ್ಟು ಸುಮ್ಮನಾಗುತ್ತದೆ. ಕ್ಯಾಲ್ಕ್‌ನಲ್ಲೇ ಎಎಸ್‌ಸಿ ಅನ್ನುವ ಫಂಕ್ಷನ್ ಇದೆ, ಅಗಲದ ಅಂಕಿಯನ್ನು ಮಾಮೂಲಿ ಅಗಲಕ್ಕೆ ತರುತ್ತದೆ. ಆದರೂ ಅದು ಇನ್ನೂ ಪಠ್ಯವೇ, ವ್ಯಾಲ್ಯೂ ಫಂಕ್ಷನ್‌ನೊಳಗೆ ಇಟ್ಟರೆ ಸಂಖ್ಯೆ. ಮೊದಲ ಕಾಲಂನಲ್ಲಿ ಎರಡನ್ನೂ ಸೇರಿಸಿ ಕೂರಿಸಿದೆ.

ಹಂತ 2: ಎರಡು ಕಾಲಂ, ಒಂದು ಪದಪಟ್ಟಿ

ಬ್ಯೂರೊದ ಒಂದು ಹೇಳಿಕೆಯ ಚೀನೀ ರೂಪವನ್ನು ಎಡಕ್ಕೂ ಅವರದೇ ಇಂಗ್ಲಿಷನ್ನು ಬಲಕ್ಕೂ ಅಂಟಿಸಿದೆ. ನಾಲ್ಕನೇ ಸಾಲಿಗೇ ಜೋಡಿ ತಪ್ಪಿತು. ಚೀನೀ ಭಾಷೆಯಲ್ಲಿ ಒಂದು ಪೂರ್ಣವಿರಾಮ ಬರುವಷ್ಟರಲ್ಲಿ ಏಳೆಂಟು ಅಲ್ಪವಿರಾಮ ದಾಟಿರುತ್ತದೆ. ಇಂಗ್ಲಿಷ್ ಮಾಡಿದವರು ಅದನ್ನು ಎರಡು ಮೂರು ವಾಕ್ಯ ಮಾಡಿರುತ್ತಾರೆ. ಈಗ ಚೀನೀ ಪೂರ್ಣವಿರಾಮವನ್ನೇ ಗೆರೆ ಅಂತ ಇಟ್ಟುಕೊಂಡಿದ್ದೇನೆ. ಆ ಗೆರೆಯೊಳಗೆ ಎಷ್ಟು ಇಂಗ್ಲಿಷ್ ವಾಕ್ಯ ಬಂದರೂ ಒಂದೇ ಕೋಣೆಗೆ. ಕೈಯಲ್ಲೇ ಮಾಡಬೇಕು, ಬೇಜಾರಿನ ಕೆಲಸ. ಆದರೆ ಭಾಷೆ ಹೆಚ್ಚು ಕಲಿತದ್ದು ಇಲ್ಲೇ.

ಪದಪಟ್ಟಿ ಮಾಡುವಾಗ ಆಸೆ ಜಾಸ್ತಿಯಾಯಿತು. ಸಿಸಿ-ಸೀಡಿಕ್ಟ್ ಅನ್ನುವ ಉಚಿತ ನಿಘಂಟು ಇದೆ. ಅದನ್ನು ಪೂರ್ತಿಯಾಗಿ ಒಮೇಗಾಟಿಯ ಗ್ಲಾಸರಿ ಫೋಲ್ಡರಿಗೆ ಸುರಿದೆ. ಪ್ರತಿ ವಾಕ್ಯಕ್ಕೂ ಬಲಗಡೆ ಉದ್ದನೆಯ ಪಟ್ಟಿ. "ದೊಡ್ಡದು", "ಮೇಲೆ", "ಇದೆ" ಎಲ್ಲಕ್ಕೂ ಅರ್ಥ. ಬೇಕಾದ ಪದ ಆ ಗುಂಪಿನಲ್ಲಿ ಕಳೆದುಹೋಗುತ್ತಿತ್ತು. ಅದನ್ನು ತೆಗೆದುಹಾಕಿ ಖಾಲಿ ಕಡತದಿಂದ ಶುರು ಮಾಡಿದೆ. ಒಮೇಗಾಟಿಯ ಪದಪಟ್ಟಿ ಅಂದರೆ ಸಾದಾ ಪಠ್ಯ ಕಡತ: ಚೀನೀ ಪದ, ಟ್ಯಾಬ್, ಇಂಗ್ಲಿಷ್ ಪದ, ಟ್ಯಾಬ್, ಷರಾ. ನಾನೇ ಎದುರಿಸಿದ ಪದ ಮಾತ್ರ ಒಳಗೆ. ಷರಾದಲ್ಲಿ ಯಾವ ಸಂಸ್ಥೆ, ಯಾವ ವರ್ಷದ ದಾಖಲೆಯಲ್ಲಿ ಆ ಇಂಗ್ಲಿಷ್ ಸಿಕ್ಕಿತು ಅನ್ನುವುದು. ಈ ಷರಾ ಯಾಕೆ ಬೇಕು ಅನ್ನುವುದು ಹಂತ 7ರಲ್ಲಿ ಗೊತ್ತಾಗುತ್ತದೆ.

ಮೊದಲ ದಿನಗಳಲ್ಲಿ ಸೇರಿದ ಕೆಲವು ಸಾಲು:

ಷಹ್ವೇ ಅಂದರೆ ಸಮಾಜ. ಆದರೆ "ಷಹ್ವೇ" ಅಂತ ಶುರುವಾಗುವ ಚಿಲ್ಲರೆ ಮಾರಾಟದ ಅಂಕಿಯನ್ನು "ಸೋಷಿಯಲ್ ರೀಟೇಲ್" ಅನ್ನಬಾರದು. ಬ್ಯೂರೊ ಬರೆಯುವುದು "ಟೋಟಲ್ ರೀಟೇಲ್ ಸೇಲ್ಸ್ ಆಫ್ ಕನ್ಸ್ಯೂಮರ್ ಗೂಡ್ಸ್". ಸಮಾಜ ಅನ್ನುವುದು ಇಲ್ಲಿ "ಒಟ್ಟಾರೆ ದೇಶದ್ದು" ಅನ್ನುವಷ್ಟೇ. ಸಾಲ ಮತ್ತು ಬಾಂಡ್ ಸೇರಿದ ದೊಡ್ಡ ಅಂಕಿಯೊಂದಿದೆ. ಪತ್ರಕರ್ತರು ಅದನ್ನು "ಟೋಟಲ್ ಸೋಷಿಯಲ್ ಫೈನಾನ್ಸಿಂಗ್" ಅನ್ನುತ್ತಾರೆ. ಕೇಂದ್ರ ಬ್ಯಾಂಕು ಮಾತ್ರ "ಅಗ್ರಿಗೇಟ್ ಫೈನಾನ್ಸಿಂಗ್ ಟು ದ ರಿಯಲ್ ಎಕಾನಮಿ" ಅಂತ ಉದ್ದಕ್ಕೆ ಬರೆಯುತ್ತದೆ. ಎರಡನ್ನೂ ಪಟ್ಟಿಗೆ ಹಾಕಿದೆ.

ತ್ಸಾಯ್‌ಜಂಗ್ ಮತ್ತು ಜಿನ್‌ರೋಂಗ್. ಮೊದಲನೆಯದು ಸರ್ಕಾರದ ಆಯವ್ಯಯ, ಎರಡನೆಯದು ಬ್ಯಾಂಕು-ಷೇರುಪೇಟೆ. ನಮ್ಮಲ್ಲಿ ಎರಡಕ್ಕೂ "ಹಣಕಾಸು" ಅಂದುಬಿಡುತ್ತೇವೆ, ಹಾಗಾಗಿ ಕೈ ತಾನಾಗಿಯೇ ಎರಡಕ್ಕೂ "ಫೈನಾನ್ಸ್" ಬರೆಯುತ್ತದೆ. ಮೊದಲನೆಯದಕ್ಕೆ "ಫಿಸ್ಕಲ್". ಆದರೆ ಸಚಿವಾಲಯದ ಹೆಸರಲ್ಲಿ ಬಂದರೆ ಮತ್ತೆ "ಫೈನಾನ್ಸ್". ಷರಾದಲ್ಲಿ ಎದ್ದು ಕಾಣುವ ಹಾಗೆ ಬರೆದಿಟ್ಟಿದ್ದೇನೆ.

ಹಂತ 3: ಸಂಖ್ಯೆ

ಜಾಸ್ತಿ ಹೊತ್ತು ತಿಂದದ್ದು ಇದು.

ಚೀನೀ ಎಣಿಕೆ ನಾಲ್ಕು ಸೊನ್ನೆಗೊಂದು ಹೆಸರು ಇಡುತ್ತದೆ. ಹತ್ತು ಸಾವಿರಕ್ಕೆ ವಾನ್, ಹತ್ತು ಕೋಟಿಗೆ ಯಿ. ಇಂಗ್ಲಿಷಿನದು ಮೂರು ಸೊನ್ನೆಯ ಲೆಕ್ಕ. ನೇರವಾಗಿ ದಾಟಿಸಲು ಹೋದರೆ ದಶಮಾಂಶ ಬಿಂದು ಎಲ್ಲೋ ಜಾರುತ್ತದೆ. ನಮಗೆ ಒಂದು ಅನುಕೂಲ ಇದೆ, ಲಕ್ಷ-ಕೋಟಿ. ನಡುವೆ ಅದನ್ನು ಇಟ್ಟುಕೊಂಡರೆ ತಪ್ಪು ಕಿವಿಗೇ ಕೇಳಿಸುತ್ತದೆ. ಮಾನಿಟರಿನ ಅಂಚಿಗೆ ಅಂಟಿಸಿದ ಚೀಟಿ:

1 ವಾನ್ = 10 ಸಾವಿರ
100 ವಾನ್ = 10 ಲಕ್ಷ = 1 ಮಿಲಿಯನ್
1,000 ವಾನ್ = 1 ಕೋಟಿ = 10 ಮಿಲಿಯನ್
1 ಯಿ = 10 ಕೋಟಿ = 100 ಮಿಲಿಯನ್
10 ಯಿ = 100 ಕೋಟಿ = 1 ಬಿಲಿಯನ್
1 ವಾನ್ ಯಿ = 1 ಲಕ್ಷ ಕೋಟಿ = 1 ಟ್ರಿಲಿಯನ್

ಕೊನೆಯ ಸಾಲು ನೋಡಿ. ವಾನ್ ಯಿ ಅಂದರೆ ಸೀದಾ ನಮ್ಮ ಲಕ್ಷ ಕೋಟಿ. ರಾಜ್ಯ ಬಜೆಟ್ ಸುದ್ದಿ ಓದಿ ಅಭ್ಯಾಸ ಇರುವವರಿಗೆ ಇದು ಬಾಯಿಪಾಠ ಮಾಡುವಂಥದ್ದೇ ಅಲ್ಲ.

2024ರ ಜಿಡಿಪಿ ಮೊದಲ ಅಂದಾಜು ಚೀನೀ ಹೇಳಿಕೆಯಲ್ಲಿ 1349084 ಯಿ ಯುವಾನ್. ಹತ್ತರಿಂದ ಭಾಗಿಸಿದರೆ ಬಿಲಿಯನ್: 134,908.4. ಬ್ಯೂರೊದ ಇಂಗ್ಲಿಷ್ ಹೀಗೇ ಬರೆಯುತ್ತದೆ, ಒಂದು ಲಕ್ಷ ಮೂವತ್ತನಾಲ್ಕು ಸಾವಿರ ಬಿಲಿಯನ್ ಅಂತ. ಅಧಿಕೃತ, ಸರಿ, ಓದುವವನಿಗೆ ಮಾತ್ರ ಶಿಕ್ಷೆ. ಹತ್ತು ಸಾವಿರದಿಂದ ಭಾಗಿಸಿ 134.9 ಟ್ರಿಲಿಯನ್ ಅಂತ ಬರೆದೆ. ನಮ್ಮ ಲೆಕ್ಕದಲ್ಲಿ 134.9 ಲಕ್ಷ ಕೋಟಿ ಯುವಾನ್. ಮೂರೂ ತಾಳೆಯಾದರೆ ಮಾತ್ರ ಮುಂದಿನ ಸಾಲು.

ಮುಂದಿನ ಗಂಟು "ಎಷ್ಟು ಪಟ್ಟು". ಬೇಯ್ ಅಂದರೆ ಪಟ್ಟು. "3 ಬೇಯ್ ಹೆಚ್ಚಿತು" ಅಂದರೆ ಮೂಲದ ಮೇಲೆ ಇನ್ನೂ ಮೂರರಷ್ಟು, ಒಟ್ಟು ನಾಲ್ಕು ಪಟ್ಟು. "3 ಬೇಯ್‌ಗೆ ಹೆಚ್ಚಿತು" ಅಂದರೆ ಒಟ್ಟು ಮೂರು ಪಟ್ಟು. ನಡುವೆ ಇರುವುದು ಒಂದೇ ಅಕ್ಷರ, ಮೊದಲನೆಯದರಲ್ಲಿ "ಲ", ಎರಡನೆಯದರಲ್ಲಿ "ದಾವ್". ಮೂಲದಲ್ಲಿ ಎರಡೂ ವರ್ಷದ ಅಂಕಿ ಕೊಟ್ಟಿದ್ದರೆ ಭಾಗಿಸಿ ನೋಡುತ್ತೇನೆ. ಕೊಡದಿದ್ದರೆ ಆ ಅಕ್ಷರವನ್ನು ಎರಡು ಸಲ ಓದುತ್ತೇನೆ.

ಫಾನ್ ಅನ್ನುವುದು ಇನ್ನೂ ಮೋಸಗಾರ. "ಒಂದು ಫಾನ್" ಅಂದರೆ ದುಪ್ಪಟ್ಟು. "ಎರಡು ಫಾನ್" ಅಂದರೆ ದುಪ್ಪಟ್ಟಿನ ದುಪ್ಪಟ್ಟು, ನಾಲ್ಕು ಪಟ್ಟು. ಇದಕ್ಕೆ ಒಳ್ಳೇ ಪರೀಕ್ಷಾ ವಾಕ್ಯ 1982ರ 12ನೇ ಪಕ್ಷ ಮಹಾಧಿವೇಶನದ್ದು. ಕೈಗಾರಿಕೆ ಮತ್ತು ಕೃಷಿಯ ವಾರ್ಷಿಕ ಒಟ್ಟು ಉತ್ಪನ್ನವನ್ನು 1980ರ 7,100 ಯಿಯಿಂದ 2000ನೇ ಇಸವಿಗೆ ಸುಮಾರು 28,000 ಯಿಗೆ, ಅಂದರೆ "ಎರಡು ಫಾನ್" ಏರಿಸಬೇಕು ಅಂತ ಗುರಿ ಇಟ್ಟರು. ಅಂಕಿ ಪಕ್ಕದಲ್ಲೇ ಇರುವುದರಿಂದ ಅನುಮಾನ ಉಳಿಯುವುದಿಲ್ಲ. 71,000 ಕೋಟಿಯಿಂದ 2.8 ಲಕ್ಷ ಕೋಟಿ. ಇಂಗ್ಲಿಷಿನಲ್ಲಿ "ಕ್ವಾಡ್ರುಪಲ್".

ಇನ್ನು ಚಿಕ್ಕವು. "3 ಚಂಗ್" ಅಂದರೆ ಶೇ 30. "ಜಿನ್ 500" ಅಂದರೆ 500ಕ್ಕೆ ಸ್ವಲ್ಪ ಕಡಿಮೆ, "ಸುಮಾರು 500" ಅಲ್ಲ. "5% ಜ್ವೊಯೊ" ಅಂದರೆ ಶೇ 5ರ ಆಸುಪಾಸು. 2023, 2024, 2025 ಮೂರು ವರ್ಷವೂ ಬೆಳವಣಿಗೆಯ ಗುರಿ ಇದೇ. ಅಲ್ಲಿ "ಅರೌಂಡ್" ಬಿಟ್ಟರೆ ಅರ್ಥವೇ ಬದಲಾಗುತ್ತದೆ. ಶೇ 4.8 ಬಂದರೂ ಗುರಿ ಮುಟ್ಟಿತು ಅನ್ನಲು ಬಿಟ್ಟಿರುವ ಜಾಗ ಅದು.

"ಯಿಶಾಂಗ್" ಅಂದರೆ ಮೇಲ್ಪಟ್ಟು. ಆ ಸಂಖ್ಯೆಯೂ ಸೇರಿ. ಚೀನಾದ ನಾಗರಿಕ ಸಂಹಿತೆ (2021ರ ಜನವರಿ 1ರಿಂದ ಜಾರಿ) ಇದನ್ನು 1259ನೇ ವಿಧಿಯಲ್ಲಿ ಬಿಡಿಸಿಯೇ ಹೇಳಿದೆ. "ಮೋರ್ ದ್ಯಾನ್" ಬರೆದರೆ ಒಂದು ಕೂದಲೆಳೆ ತಪ್ಪು, "ಆರ್ ಮೋರ್" ಬರೆಯಬೇಕು. "ನಿಗದಿತ ಗಾತ್ರಕ್ಕೆ ಮೇಲ್ಪಟ್ಟ ಕೈಗಾರಿಕೆ" ಅನ್ನುವ ಮಾತು ಪ್ರತಿ ತಿಂಗಳೂ ಬರುತ್ತದೆ. ವರ್ಷಕ್ಕೆ 2,000 ವಾನ್ ಯುವಾನ್, ಅಂದರೆ 2 ಕೋಟಿ ಯುವಾನ್ ಅಥವಾ ಅದಕ್ಕೂ ಹೆಚ್ಚು ಆದಾಯ ಇರುವ ಕಂಪನಿಗಳು. ಮಿತಿ 2011ರಿಂದ ಇಷ್ಟು, ಅದಕ್ಕೂ ಮೊದಲು 500 ವಾನ್ ಇತ್ತು. ಯಂತ್ರದ ಅನುವಾದ ಇದನ್ನು ಒಮ್ಮೊಮ್ಮೆ "ದೊಡ್ಡ ಕೈಗಾರಿಕೆ" ಮಾಡಿಬಿಡುತ್ತದೆ.

ಹಂತ 4: ಯಾವುದಕ್ಕೆ ಹೋಲಿಸಿ?

ಟೋಂಗ್‌ಬಿ: ಹೋದ ವರ್ಷದ ಇದೇ ತಿಂಗಳಿಗೆ ಹೋಲಿಸಿದರೆ. ಹ್ವಾನ್‌ಬಿ: ಹಿಂದಿನ ತಿಂಗಳಿಗೆ ಅಥವಾ ಹಿಂದಿನ ತ್ರೈಮಾಸಿಕಕ್ಕೆ ಹೋಲಿಸಿದರೆ. ಬೆಲೆ ಸೂಚ್ಯಂಕದ ಹೇಳಿಕೆಯಲ್ಲಿ ಎರಡೂ ಪಕ್ಕಪಕ್ಕ ಬರುತ್ತವೆ, ಒಂದು ಏರಿಕೆ ಒಂದು ಇಳಿಕೆ ಆಗಿರಲೂಬಹುದು. ಬಣ್ಣ ಹಾಕಿಕೊಂಡೆ: ಟೋಂಗ್‌ಬಿ ಹಸಿರು, ಹ್ವಾನ್‌ಬಿ ಕಿತ್ತಳೆ. ಹ್ವಾನ್‌ಬಿ ಜಿಡಿಪಿ ಅಂಕಿಯನ್ನು ಅಮೆರಿಕದ ಅಂಕಿಯ ಪಕ್ಕ ಇಡಬೇಡಿ. ಅವರು ತ್ರೈಮಾಸಿಕದ ಏರಿಕೆಯನ್ನು ವರ್ಷದ ದರಕ್ಕೆ ಹಿಗ್ಗಿಸಿ ಕೊಡುತ್ತಾರೆ, ಚೀನಾ ಹಾಗೆ ಮಾಡುವುದಿಲ್ಲ.

ಇಲ್ಲಿ ಕ್ಯಾಲ್ಕ್‌ನಲ್ಲಿ ಒಂದು ತಪಾಸಣೆ ಕಾಲಂ ಹಾಕಿದ್ದೆ. ಈ ವರ್ಷದ ಅಂಕಿಯನ್ನು ಹೋದ ವರ್ಷದ ಅಂಕಿಯಿಂದ ಭಾಗಿಸಿ, ಹೇಳಿಕೆಯಲ್ಲಿರುವ ಶೇಕಡಾ ಜೊತೆ ತಾಳೆ ನೋಡುವುದು. ಅಕೌಂಟ್ಸ್ ಮಾಡಿದವನ ಬುದ್ಧಿ. ಚಿಲ್ಲರೆ ಮಾರಾಟಕ್ಕೆ ಸರಿಯಾಗಿ ಕೂತಿತು. 2023ರಲ್ಲಿ 471495 ಯಿ, 2024ರಲ್ಲಿ 487895 ಯಿ. ಏರಿಕೆ ಶೇ 3.5, ಹೇಳಿಕೆಯಲ್ಲೂ ಅದೇ.

ಜಿಡಿಪಿಗೆ ಬಂದಾಗ ಕಾಲಂ ಕೆಂಪಾಯಿತು. 2023ರ ಮೊದಲ ಅಂದಾಜು 1260582 ಯಿ. 2024ರದ್ದನ್ನು ಅದರಿಂದ ಭಾಗಿಸಿದರೆ ಶೇ 7.0. ಹೇಳಿಕೆಯಲ್ಲಿರುವುದು ಶೇ 5.0. ಅಷ್ಟು ದೊಡ್ಡ ವ್ಯತ್ಯಾಸ ಅಂಕಿ ಟೈಪ್ ಮಾಡುವಾಗಿನ ತಪ್ಪಲ್ಲ. ಹುಡುಕಿದಾಗ ಸಿಕ್ಕಿದ್ದು ಹೀಗೆ: ಆರ್ಥಿಕ ಗಣತಿಯ ನಂತರ 2024ರ ಡಿಸೆಂಬರಿನಲ್ಲಿ ಬ್ಯೂರೊ 2023ರ ಜಿಡಿಪಿಯನ್ನು 1294272 ಯಿಗೆ ಏರಿಸಿತ್ತು. ಹೊಸ ಅಂಕಿಯಿಂದ ಭಾಗಿಸಿದೆ, ಶೇ 4.2 ಬಂತು. ಆಗಲೂ 5.0 ಅಲ್ಲ! ಯಾಕೆಂದರೆ ಶೇ 5.0 ಅನ್ನುವುದು ಬೆಲೆ ಏರಿಳಿತ ತೆಗೆದ ದರ. ಆ ವರ್ಷ ಒಟ್ಟಾರೆ ಬೆಲೆಮಟ್ಟ ಇಳಿದಿತ್ತು, ಹಾಗಾಗಿ ನಿಜ ದರ ಲೆಕ್ಕದ ದರಕ್ಕಿಂತ ಮೇಲಿದೆ. ಚೀನೀ ವಾಕ್ಯದಲ್ಲಿ ಇದಕ್ಕಿರುವ ಸೂಚನೆ "ಬದಲಾಗದ ಬೆಲೆಯ ಪ್ರಕಾರ" ಅನ್ನುವ ಪುಟ್ಟ ಮಾತು ಮಾತ್ರ. ಅನುವಾದದಲ್ಲಿ ಮೊದಲು ಉದುರುವುದೂ ಅದೇ.

ಸ್ಥಿರ ಆಸ್ತಿ ಹೂಡಿಕೆಯದು ಇನ್ನೊಂದು ಬಗೆ. 2023ರಲ್ಲಿ 503036 ಯಿ, 2024ರಲ್ಲಿ 514374 ಯಿ. ಭಾಗಿಸಿದರೆ ಶೇ 2.3, ಹೇಳಿಕೆಯಲ್ಲಿ ಶೇ 3.2. ಇಲ್ಲಿ ದರವನ್ನು "ಹೋಲಿಸಬಹುದಾದ ವ್ಯಾಪ್ತಿ" ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ, ಹಳೆಯ ಅಂಕಿಯನ್ನು ತಮ್ಮಲ್ಲೇ ತಿದ್ದಿಕೊಂಡಿರುತ್ತಾರೆ. ಇದರ ಜೊತೆ "ಗ್ರಾಮೀಣ ಕುಟುಂಬಗಳನ್ನು ಬಿಟ್ಟು" ಅನ್ನುವ ಬಾಲವೂ ಇದೆ, ಅದನ್ನೂ ಬಿಡಬಾರದು.

ಹಾಗಾಗಿ ತಪಾಸಣೆ ಕಾಲಂ ತೆಗೆಯಲಿಲ್ಲ. ಪಕ್ಕದಲ್ಲಿ ಇನ್ನೊಂದು ಕಾಲಂ ಸೇರಿಸಿದೆ: "ತಾಳೆಯಾಗಬೇಕಾ?" ಚಿಲ್ಲರೆಗೆ ಹೌದು, ಜಿಡಿಪಿಗೆ ಇಲ್ಲ, ಹೂಡಿಕೆಗೆ ಇಲ್ಲ. ಕೆಂಪು ಬಂದ ಕಡೆ ಅಂಕಿ ತಿದ್ದುವುದಲ್ಲ, ಮೂಲದ ಆ ಪುಟ್ಟ ಮಾತು ಅನುವಾದದಲ್ಲಿ ಉಳಿದಿದೆಯಾ ಅಂತ ನೋಡುವುದು.

ಮತ್ತೊಂದು, ಹೂಡಿಕೆ ಅಂಕಿ ಯಾವಾಗಲೂ ಜನವರಿಯಿಂದ ಆ ತಿಂಗಳವರೆಗಿನ ಒಟ್ಟು ಲೆಕ್ಕ. "ಮೇ ತಿಂಗಳಲ್ಲಿ ಹೂಡಿಕೆ" ಅಂತ ಬರೆದರೆ ಮುಗಿಯಿತು. ಜನವರಿ ತಿಂಗಳೊಂದರದೇ ಉತ್ಪಾದನೆ, ಚಿಲ್ಲರೆ ಅಂಕಿ ಪ್ರಕಟವಾಗುವುದೇ ಇಲ್ಲ. ಚಾಂದ್ರಮಾನ ಹೊಸವರ್ಷ ಒಮ್ಮೆ ಜನವರಿಗೆ, ಒಮ್ಮೆ ಫೆಬ್ರವರಿಗೆ ಬೀಳುವುದರಿಂದ ಎರಡೂ ತಿಂಗಳು ಸೇರಿಸಿ ಮಾರ್ಚ್‌ನಲ್ಲಿ ಕೊಡುತ್ತಾರೆ. ನನ್ನ ಶೀಟಿನಲ್ಲಿ ಜನವರಿ ಕೋಣೆ ಖಾಲಿ ಕಂಡು ಆಫೀಸಿನವರು ಕೇಳಿದರು, "ಇದನ್ನು ಮರೆತಿರಾ?" ಈಗ ಆ ಕೋಣೆಯನ್ನು ಫೆಬ್ರವರಿ ಜೊತೆ ಸೇರಿಸಿಬಿಟ್ಟಿದ್ದೇನೆ.

ಹಂತ 5: ಕೇಂದ್ರ ಬ್ಯಾಂಕು

ಭಾರತದ ಬ್ಯಾಂಕಿಂಗ್ ಸುದ್ದಿ ಓದಿ ಬೆಳೆದವರು ಇಲ್ಲಿ ಹುಷಾರಾಗಿರಬೇಕು.

ನಮ್ಮ ರಿಸರ್ವ್ ಬ್ಯಾಂಕಿನ ಮಾತಿನಲ್ಲಿ ರೆಪೊ ಅಂದರೆ ಬ್ಯಾಂಕುಗಳಿಗೆ ಹಣ ಕೊಡುವುದು, ರಿವರ್ಸ್ ರೆಪೊ ಅಂದರೆ ಅವರಿಂದ ಹಣ ಎಳೆದುಕೊಳ್ಳುವುದು. ಚೀನಾದಲ್ಲಿ ತಿರುವುಮುರುವು. ಅಲ್ಲಿನ ಪೀಪಲ್ಸ್ ಬ್ಯಾಂಕ್ ಮಾಡುವ "ನಿ ಹ್ವೇಗೌ", ಅಕ್ಷರಶಃ ರಿವರ್ಸ್ ರೆಪೊ, ಹಣವನ್ನು ಮಾರುಕಟ್ಟೆಗೆ ಬಿಡುವ ಕ್ರಮ. ಇಂಗ್ಲಿಷಿನಲ್ಲೂ ಅವರು "ರಿವರ್ಸ್ ರೆಪೊ" ಅಂತಲೇ ಬರೆಯುತ್ತಾರೆ. ಪದ ಸರಿಯಾಗಿಯೇ ಅನುವಾದ ಆಗಿರುತ್ತದೆ. ಓದುವ ಬೆಂಗಳೂರಿನವರು ಮಾತ್ರ ಉಲ್ಟಾ ತಿಳಿದುಕೊಳ್ಳುತ್ತಾರೆ. "ಚೀನಾ ಹಣ ಹಿಂತೆಗೆಯುತ್ತಿದೆಯಾ?" ಅಂತ ಫೋನ್ ಬಂದ ಮೇಲೆ ಪ್ರತಿ ಟಿಪ್ಪಣಿಯ ಮೊದಲ ಉಲ್ಲೇಖದಲ್ಲಿ "ಹಣ ಒಳಬಿಡುವ ಕ್ರಮ" ಅನ್ನುವ ಅರ್ಥದ ನಾಲ್ಕು ಇಂಗ್ಲಿಷ್ ಪದ ಸೇರಿಸುತ್ತೇನೆ. ಮೂಲದಲ್ಲಿ ಇಲ್ಲದ್ದನ್ನು ಸೇರಿಸಬಹುದಾ ಅಂತ ತಕರಾರು ತೆಗೆಯುವವರು ತೆಗೆಯಲಿ.

ಹಾಗೆಯೇ ಬ್ಯಾಂಕುಗಳು ಕೇಂದ್ರ ಬ್ಯಾಂಕಿನಲ್ಲಿ ಇಡಬೇಕಾದ ಮೀಸಲು. ನಮ್ಮಲ್ಲಿ ಸಿಆರ್‌ಆರ್. ಚೀನಾದ ಬಗ್ಗೆ ಬರೆಯುವ ಇಂಗ್ಲಿಷಿನಲ್ಲಿ ಆರ್‌ಆರ್‌ಆರ್. ಕೈ ಅಭ್ಯಾಸಬಲದಿಂದ ಸಿ ಒತ್ತುತ್ತದೆ, ಕೊನೆಯಲ್ಲೊಮ್ಮೆ ಹುಡುಕಿ ಬದಲಿಸುವುದು ಕಾಯಂ ಕೆಲಸ.

ಅಭ್ಯಾಸಕ್ಕೆ ಇಟ್ಟುಕೊಂಡದ್ದು 2024ರ ಸೆಪ್ಟೆಂಬರ್ 24ರ ಘೋಷಣೆ. ಗವರ್ನರ್ ಪಾನ್ ಗೋಂಗ್‌ಷಂಗ್ ಅವತ್ತು ಮೀಸಲು ಅನುಪಾತವನ್ನು 0.5 ಬೈಫೆನ್‌ದ್ಯೆನ್ ಇಳಿಸುವುದಾಗಿ, ಅದರಿಂದ ಸುಮಾರು 1 ವಾನ್ ಯಿ ಯುವಾನ್ ದೀರ್ಘಾವಧಿ ಹಣ ಮಾರುಕಟ್ಟೆಗೆ ಬರುವುದಾಗಿ ಹೇಳಿದರು. 7 ದಿನದ ರಿವರ್ಸ್ ರೆಪೊ ದರ 1.7ರಿಂದ 1.5ಕ್ಕೆ. ಚಿಕ್ಕ ಪಠ್ಯ, ಆದರೆ ಎಲ್ಲ ಬಲೆಯೂ ಇದರಲ್ಲಿದೆ. ಬೈಫೆನ್‌ದ್ಯೆನ್ ಅಂದರೆ ಶೇಕಡಾ ಅಂಶ, "ಪರ್ಸೆಂಟೇಜ್ ಪಾಯಿಂಟ್". "ಶೇ 0.5ರಷ್ಟು ಇಳಿಕೆ" ಬೇರೆ, "ಶೇ 0.5 ಅಂಶ ಇಳಿಕೆ" ಬೇರೆ. ಶೇ 10 ಇದ್ದದ್ದು ಮೊದಲನೆಯದರಲ್ಲಿ 9.95 ಆಗುತ್ತದೆ, ಎರಡನೆಯದರಲ್ಲಿ 9.5. ಹೊಸದಾಗಿ ಯಾರಾದರೂ ಈ ಕೆಲಸಕ್ಕೆ ಬಂದರೆ ನಾನು ಕೊಡುವ ಮೊದಲ ಪಠ್ಯ ಇದೇ.

ಹಂತ 6: ವಾಕ್ಯ

ಕನ್ನಡದವರಿಗೆ ಇಲ್ಲೂ ಒಂದು ಲಾಭ ಇದೆ. ಚೀನೀ ಭಾಷೆಯಲ್ಲಿ ವಿಶೇಷಣವೆಲ್ಲ ನಾಮಪದಕ್ಕೆ ಮುಂಚೆ ಬರುತ್ತದೆ, ಎಷ್ಟೇ ಉದ್ದ ಇರಲಿ. "ಸಣ್ಣ ಕಂಪನಿಗಳಿಗೆ ಬ್ಯಾಂಕುಗಳು ಕೊಟ್ಟ ವರ್ಷದೊಳಗೆ ತೀರಿಸಬೇಕಾದ ಸಾಲ" ಅನ್ನುವುದು ನಮಗೆ ಸಹಜ, ಅವರಿಗೂ ಸಹಜ. ಇಂಗ್ಲಿಷಿನಲ್ಲಿ ಸಾಲ ಮೊದಲು ಬಂದು ಉಳಿದದ್ದು ಹಿಂದಿನಿಂದ ಬರಬೇಕು. ನಾನು ಮೂಲವನ್ನು ಮನಸ್ಸಿನಲ್ಲಿ ಕನ್ನಡ ಮಾಡಿಕೊಂಡು ನಾಮಪದಕ್ಕೆ ಗೆರೆ ಎಳೆಯುತ್ತೇನೆ. ಇಂಗ್ಲಿಷ್ ಅಲ್ಲಿಂದ ಶುರು. ಇಂಗ್ಲಿಷ್ ಮಾತ್ರ ಬಲ್ಲವರು ಚೀನೀ ವಾಕ್ಯದ ಬಾಲ ಹುಡುಕಿಕೊಂಡು ಒದ್ದಾಡುವಷ್ಟು ನಾವು ಒದ್ದಾಡಬೇಕಿಲ್ಲ.

ಕಷ್ಟ ಕರ್ತೃವಿನದು. ನೀತಿ ದಾಖಲೆಗಳಲ್ಲಿ "ಸುಧಾರಣೆ ಆಳಗೊಳಿಸು, ಬೇಡಿಕೆ ಹಿಗ್ಗಿಸು, ಅಪಾಯ ತಡೆ" ಅಂತ ಕ್ರಿಯಾಪದಗಳ ಸಾಲು. ಯಾರು ಮಾಡುವವರು ಅಂತ ಇರುವುದಿಲ್ಲ. ಪ್ರತಿ ಮಾರ್ಚ್‌ನಲ್ಲಿ ಪ್ರಧಾನಿ ಓದುವ ಸರ್ಕಾರಿ ಕಾರ್ಯವರದಿಯ ಅಧಿಕೃತ ಇಂಗ್ಲಿಷ್ ಇದಕ್ಕೆಲ್ಲ "ವಿ ವಿಲ್" ಹಾಕುತ್ತದೆ. ನಾನೂ ಹಾಗೇ ಮಾಡಿದೆ. ನನ್ನ ಇಂಗ್ಲಿಷ್ ತಿದ್ದಿಕೊಡುವ ನಿವೃತ್ತ ಕಾಮರ್ಸ್ ಮೇಷ್ಟ್ರು ಒಂದು ಪುಟ ಓದಿ ಕನ್ನಡಕ ತೆಗೆದರು.

"ಏನಯ್ಯಾ ಇದು, ವಿ ಅಂದ್ರೆ ಯಾರು? ನೀನೂ ನಾನೂನಾ?"

"ಸರ್ಕಾರ, ಸರ್. ಅವರ ವರದೀಲಿ ಹಾಗೇ ಇರುತ್ತೆ."

"ಅವರು ಬರ್ಕೊಳ್ಳೋದು ಸರಿ ಕಣಪ್ಪಾ. ನೀನ್ಯಾಕೆ ಅವರ ಪರವಾಗಿ ಮಾತು ಕೊಡ್ತೀಯ?"

ಸರಿ ಅನ್ನಿಸಿತು. ಪೂರ್ತಿ ದಾಖಲೆ ಅನುವಾದ ಮಾಡುವಾಗ "ವಿ ವಿಲ್". ಸಾರಾಂಶ ಬರೆಯುವಾಗ "ಸಭೆ ಹೀಗೆ ಕರೆ ಕೊಟ್ಟಿತು", "ವರದಿ ಹೀಗೆ ಹೇಳಿತು". ಇದು ಈಗ ನಿಯಮ.

ಮೇಷ್ಟ್ರು ಹೊಡೆದುಹಾಕಿದ್ದು ಇನ್ನೂ ಇದೆ. ಗೋಂಗ್‌ಜ್ವೊ, ಅಂದರೆ ಕೆಲಸ, ಎಲ್ಲದರ ಬಾಲಕ್ಕೂ ಅಂಟಿರುತ್ತದೆ: ಉದ್ಯೋಗ ಕೆಲಸ, ಬಡತನ ನಿವಾರಣೆ ಕೆಲಸ, ತೆರಿಗೆ ಕೆಲಸ. ಇಂಗ್ಲಿಷಿನಲ್ಲಿ ಬಹುತೇಕ ಕಡೆ ಅದು ಬೇಡ. ಜಿನ್‌ಶಿಂಗ್ ಅನ್ನುವುದೂ ಹಾಗೇ, "ತನಿಖೆಯನ್ನು ಕೈಗೊಳ್ಳು" ಅನ್ನುವ ಕಡೆ "ತನಿಖೆ ಮಾಡು" ಸಾಕು. ನಮ್ಮ ಸರ್ಕಾರಿ ಕನ್ನಡಕ್ಕೂ ಇದೇ ಕಾಯಿಲೆ, ಅಲ್ವಾ? "ಕ್ರಮ ಕೈಗೊಳ್ಳುವ ಕಾರ್ಯವನ್ನು ಮಾಡಲಾಗುತ್ತಿದೆ" ಓದಿದವರಿಗೆ ಚೀನೀ ಸುತ್ತೋಲೆ ಹೊಸದೇನಲ್ಲ.

ಪಟ್ಟಿಯ ಕೊನೆಯ "ಡಂಗ್" ಬಗ್ಗೆ ಒಂದು ಮಾತು. ನಿಘಂಟು "ಇತ್ಯಾದಿ" ಅನ್ನುತ್ತದೆ. "ಬೀಜಿಂಗ್, ಶಾಂಘೈ, ತ್ಯೆನ್‌ಜಿನ್, ಚೋಂಗ್‌ಚಿಂಗ್ ಡಂಗ್ ನಾಲ್ಕು ನಗರ" ಅಂದಾಗ ಇತ್ಯಾದಿ ಏನೂ ಇಲ್ಲ, ಇರುವುದೇ ನಾಲ್ಕು. ಎಣಿಸಿ ನೋಡಿ ಬರೆಯಿರಿ.

ಹಂತ 7: ಘೋಷಣೆಗಳು

ಅಂಕಿ ಕೂಡಿದ ಘೋಷಣೆಗಳು ಬಂದರೆ ಸುಮ್ನೆ ಅಕ್ಷರಕ್ಕೆ ಅಕ್ಷರ ಇಡಲು ಆಗುವುದಿಲ್ಲ. 2015ರ ಕೊನೆಯ ಆರ್ಥಿಕ ಸಭೆಯ "ಮೂರು ತೆಗೆ, ಒಂದು ಇಳಿಸು, ಒಂದು ತುಂಬು" ಒಂದು. ಬಿಡಿಸಿದರೆ: ಹೆಚ್ಚುವರಿ ಉತ್ಪಾದನಾ ಸಾಮರ್ಥ್ಯ, ಮಾರಾಟವಾಗದ ದಾಸ್ತಾನು, ಸಾಲದ ಹೊರೆ, ಈ ಮೂರನ್ನು ತೆಗೆಯುವುದು. ವೆಚ್ಚ ಇಳಿಸುವುದು. ಕೊರತೆ ತುಂಬುವುದು. 2024ರಿಂದ "ಎರಡು ಹೊಸದು" ಅಂತ ಇನ್ನೊಂದು. ಹಳೇ ಯಂತ್ರೋಪಕರಣ ಬದಲಿಸುವುದು, ಹಳೇ ವಸ್ತು ಕೊಟ್ಟು ಹೊಸದು ಕೊಳ್ಳುವ ಯೋಜನೆ. ಯಂತ್ರ ಬರೀ "ಟೂ ನ್ಯೂ" ಅಂತ ಕೊಟ್ಟು ಕೈತೊಳೆದುಕೊಳ್ಳುತ್ತದೆ. ನನ್ನ ನಿಯಮ: ಮೊದಲ ಸಲ ಪೂರ್ತಿ ಬಿಡಿಸು, ಆಮೇಲೆ ಚಿಕ್ಕದಾಗಿ ಕರೆ. ಒಳಗಿನ ಐಟಂಗಳು ಗೊತ್ತಾಗುವವರೆಗೆ ಆ ವಾಕ್ಯ ಮುಟ್ಟಬೇಡ.

ಕೇಂದ್ರ ಬ್ಯಾಂಕಿನ ಹಣಕಾಸು ನೀತಿಯ (ಮಾನಿಟರಿ ಪಾಲಿಸಿ) ವಿಶೇಷಣಗಳಲ್ಲಿ ಇನ್ನೂ ಸೂಕ್ಷ್ಮ ಇದೆ. ಅಲ್ಲಿ ಪ್ರತಿ ಪದವೂ ಅಳೆದು ಇಟ್ಟದ್ದು. 2011ರಿಂದ 2024ರವರೆಗೆ ಅಧಿಕೃತ ಮಾತು "ವೆನ್‌ಜ್ಯೆನ್". ನಿಘಂಟಿನ ಪ್ರಕಾರ ಸ್ಥಿರ, ಭದ್ರ. ಅಧಿಕೃತ ಇಂಗ್ಲಿಷ್ "ಪ್ರೂಡೆಂಟ್". "ಸ್ಟೇಬಲ್" ಅಂತ ನಾನೇ ಚಂದ ಮಾಡಿ ಬರೆದರೆ ಈ ಕ್ಷೇತ್ರದವರಿಗೆ ಅದು ಹೊಸ ನೀತಿ ಅಂತ ಕಾಣುತ್ತದೆ. 2024ರ ಡಿಸೆಂಬರಿನ ಸಭೆಯಲ್ಲಿ ಪದ ಬದಲಾಯಿತು. ಷಿನ್ಹುವಾ ಸುದ್ದಿ ಸಂಸ್ಥೆ "ಮಾಡರೇಟ್ಲಿ ಲೂಸ್" ಅಂದಿತು. 2025ರ ಮಾರ್ಚ್‌ನ ಕಾರ್ಯವರದಿಯ ಇಂಗ್ಲಿಷಿನಲ್ಲಿ ಅದೇ ಚೀನೀ ಪದಕ್ಕೆ "ಅಪ್ರೋಪ್ರಿಯೇಟ್ಲಿ ಅಕಾಮಡೇಟಿವ್". ನೀತಿ ಮೃದುವಾಯಿತು ಅಥವಾ ಬಿಗಿಯಾಯಿತು ಅಂತ ಇದರಿಂದ ಅರ್ಥ ಹುಡುಕಬೇಡಿ, ಮೂಲ ಪದ ಒಂದೇ. ಪದಪಟ್ಟಿಯ ಷರಾ ಕಾಲಂ ಇರುವುದು ಇದಕ್ಕೇ. ಎರಡೂ ರೂಪ, ಎರಡರ ದಿನಾಂಕ.

ಹಂತ 8: ಯಂತ್ರದ ಕರಡು

ಎಲ್ಲರೂ ಕೇಳುವುದು ಇದನ್ನೇ, ಯಂತ್ರಕ್ಕೆ ಕೊಟ್ಟರೆ ಆಗಲ್ವಾ ಅಂತ. ಕೊಡುತ್ತೇನೆ. ಓಟ ಚೆನ್ನಾಗಿರುತ್ತದೆ, ಅದೇ ಅಪಾಯ. ನಯವಾದ ವಾಕ್ಯದಲ್ಲಿ ಯಿ ಒಂದು ಬಿಲಿಯನ್ ಆಗಿ ಕೂತಿದ್ದರೆ ಕಣ್ಣು ದಾಟಿಹೋಗುತ್ತದೆ. ಹಾಗಾಗಿ ಕರಡು ಓದುವ ಮುಂಚೆಯೇ ಮೂಲದಿಂದ ಅಂಕಿಗಳನ್ನಷ್ಟೇ ಕ್ಯಾಲ್ಕ್‌ಗೆ ಎತ್ತಿಕೊಳ್ಳುತ್ತೇನೆ. ತಪಾಸಣೆಯ ಕ್ರಮ: ಮೊದಲು ಅಂಕಿ ಮತ್ತು ಘಟಕ, ಆಮೇಲೆ ಹೋಲಿಕೆಯ ಆಧಾರ, ಆಮೇಲೆ "ಸುಮಾರು, ಹತ್ತಿರ, ಮೇಲ್ಪಟ್ಟು", ಆಮೇಲೆ ಪದಪಟ್ಟಿ, ಕೊನೆಗೆ ಇಂಗ್ಲಿಷ್. ಮೊದಲು ಇಂಗ್ಲಿಷ್ ತಿದ್ದಲು ಕೂತರೆ ಅಂಕಿ ನೋಡುವ ಹೊತ್ತಿಗೆ ತಲೆ ದಣಿದಿರುತ್ತದೆ.

ಬಾಕಿ ಇರುವುದು

ಪ್ರಾಂತಗಳ ಹಳೇ ವಾರ್ಷಿಕ ಪುಸ್ತಕಗಳು ಸ್ಕ್ಯಾನ್ ಮಾಡಿದ ಪಿಡಿಎಫ್. ಅಕ್ಷರ ಗುರುತಿಸುವ ತಂತ್ರಾಂಶ ಪಠ್ಯವನ್ನು ಪರವಾಗಿಲ್ಲ ಅನ್ನುವಂತೆ ತೆಗೆಯುತ್ತದೆ. ಕೋಷ್ಟಕದಲ್ಲಿ ಕಾಲಂ ಕಲಸಿಹೋಗುತ್ತದೆ. ಸದ್ಯಕ್ಕೆ ಆ ಕೋಷ್ಟಕಗಳನ್ನು ಕೈಯಲ್ಲೇ ಟೈಪ್ ಮಾಡಿ, ಒಟ್ಟು ಸಾಲಿನ ಮೊತ್ತ ತಾಳೆ ನೋಡುತ್ತಿದ್ದೇನೆ. ಕೋಷ್ಟಕದ ತಲೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಘಟಕ ಬರೆದಿರುತ್ತಾರೆ, ವಾನ್ ಯುವಾನ್ ಅಥವಾ ಯಿ ಯುವಾನ್. ತಂತ್ರಾಂಶ ಮೊದಲು ಕಳೆದುಕೊಳ್ಳುವುದು ಅದನ್ನೇ. ಯಾರಿಗಾದರೂ ಚೀನೀ ಕೋಷ್ಟಕವನ್ನು ಸರಿಯಾಗಿ ಎತ್ತುವ ಉಚಿತ ದಾರಿ ಗೊತ್ತಿದ್ದರೆ ಹೇಳಿ. 2011ಕ್ಕಿಂತ ಹಿಂದಿನ ಪುಸ್ತಕಗಳನ್ನು ಇನ್ನೂ ಮುಟ್ಟಿಲ್ಲ. ಅವುಗಳಲ್ಲಿ "ನಿಗದಿತ ಗಾತ್ರ" ಅಂದರೆ 500 ವಾನ್, ಹಾಗಾಗಿ ಅವಕ್ಕೆ ಬೇರೆ ಶೀಟ್ ಮಾಡಬೇಕು.